ಇಲ್ಲವೆಂದು ಸಾಧಿಸುವ ಕಸುಬು

ಜಲಜನಕದ ರೋಹಿತದಲ್ಲಿ ಕಣ್ಣಿಗೆ ಬೀಳುವ ಗೆರೆಗಳು ನಾಲ್ಕು. ಹಾಸನದ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದಷ್ಟು ಕಾಲವೂ ಆ ನಾಲ್ಕರಲ್ಲಿ ಮೂರನ್ನು ಹುಡುಗರಿಗೆ ತೋರಿಸಿದ್ದೇನೆ. ಡಿಸ್ಚಾರ್ಜ್ ಟ್ಯೂಬು ಗುಲಾಬಿ ಬಣ್ಣದಲ್ಲಿ ಉರಿಯುತ್ತಿತ್ತು, ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಡುತ್ತಿದ್ದೆವು, ಸ್ಪೆಕ್ಟ್ರೋಮೀಟರಿನ ದೂರದರ್ಶಕವನ್ನು ಮೆಲ್ಲಗೆ ತಿರುಗಿಸಿದರೆ ಮೊದಲು ನೇರಳೆ, ಆಮೇಲೆ ನೀಲಿ-ಹಸಿರು, ಕೊನೆಗೆ ಕೆಂಪು. ನಾಲ್ಕನೆಯದೂ ಕಂಡಿತು ಎಂದು ರೆಕಾರ್ಡಿನಲ್ಲಿ ಬರೆದು ತಂದವರನ್ನು ನಾನು ಅಷ್ಟಾಗಿ ನಂಬುತ್ತಿರಲಿಲ್ಲ. ಇವೆಲ್ಲ ಬಾಮರ್ ಶ್ರೇಣಿಯ ಗೆರೆಗಳು. ಇದಕ್ಕಿಂತ ಮೂಲವಾದ ಲೈಮನ್ ಶ್ರೇಣಿ ಮಾತ್ರ ಬೋರ್ಡಿನ ಮೇಲೆಯೇ ಉಳಿಯಿತು. ಅದನ್ನು ಕಂಡ ವಿದ್ಯಾರ್ಥಿ ನಮ್ಮಲ್ಲಿ ಇರಲಿಲ್ಲ, ಕಂಡ ಮೇಷ್ಟ್ರೂ ಇರಲಿಲ್ಲ.

ಕಾಣಲು ಸಾಧ್ಯವೂ ಇರಲಿಲ್ಲ. ಆ ಶ್ರೇಣಿಯ ಮೊದಲ ಗೆರೆ, ಲೈಮನ್ ಆಲ್ಫಾ, 1216 ಆಂಗ್‌ಸ್ಟ್ರಾಮಿನದು. ಕಣ್ಣು ಹಿಡಿಯಬಲ್ಲ ನೇರಳೆಯ ಅಂಚಿನ ಮೂರರಲ್ಲಿ ಒಂದು ಪಾಲು. ಗಾಜು ಅದನ್ನು ನುಂಗುತ್ತದೆ, ಗಾಳಿಯೂ ನುಂಗುತ್ತದೆ. ಹಾರ್ವರ್ಡ್‌ನ ಥಿಯೋಡರ್ ಲೈಮನ್ ತನ್ನ ರೋಹಿತದರ್ಶಕವನ್ನೇ ನಿರ್ವಾತ ಪೆಟ್ಟಿಗೆಯೊಳಗಿಟ್ಟು, ಮಸೂರದ ಗೊಡವೆಯಿಲ್ಲದಂತೆ ಬಾಗಿದ ಗ್ರೇಟಿಂಗ್ ಬಳಸಿ, 1906ರಲ್ಲಿ ಈ ನೇರಳಾತೀತ ಪ್ರದೇಶದ ಜಲಜನಕದ ಗೆರೆಗಳನ್ನು ಪ್ರಕಟಿಸಿದ. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕಾಗುತ್ತಿತ್ತು. ನಿವೃತ್ತಿಯ ನಂತರ ಓದುತ್ತಾ ಕುಳಿತಾಗ ಗೊತ್ತಾದದ್ದೇನೆಂದರೆ, ಒಂದೂ ನಕ್ಷತ್ರವಿಲ್ಲದ ಗೆಲಾಕ್ಸಿಗಳನ್ನು ಹುಡುಕುವ ವಿಚಿತ್ರ ಕಸುಬೊಂದು ನಿಂತಿರುವುದೇ ಈ ಗೆರೆಯ ಮೇಲೆ. ಇಂಥ ಗೆಲಾಕ್ಸಿಯ ಅನಿಲವನ್ನು ಕಾಣುವುದು ಕಷ್ಟವೇ. ಆದರೆ ಅದಕ್ಕಿಂತ ಕಷ್ಟ, ಅದರಲ್ಲಿ ನಕ್ಷತ್ರ ಇಲ್ಲವೆಂದು ನಾಲ್ಕು ಜನ ಒಪ್ಪುವಂತೆ ತೋರಿಸುವುದು. ಈ ಕಸುಬಿನ ಚರಿತ್ರೆಯೆಲ್ಲ ಆ ಎರಡನೆಯ ಕಷ್ಟದ ಚರಿತ್ರೆ.

ನಕ್ಷತ್ರವಿಲ್ಲದ ಮೇಲೆ ಅದು ಗೆಲಾಕ್ಸಿ ಹೇಗಾಯಿತು ಎಂದು ಯಾರಾದರೂ ಕೇಳುತ್ತಾರೆ. ಕೇಳಬೇಕಾದದ್ದೇ. ಇಂದಿನ ಸಿದ್ಧಾಂತದ ಪ್ರಕಾರ ಮೊದಲು ಕೂಡಿಕೊಳ್ಳುವುದು ಕಪ್ಪು ದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್. ಅದರ ಗುರುತ್ವದ ಗುಂಡಿಗೆ ಜಲಜನಕ ಹರಿದು ಬರುತ್ತದೆ, ತಣಿಯುತ್ತದೆ, ಸಾಕಷ್ಟು ದಟ್ಟವಾದ ಮೇಲೆ ನಕ್ಷತ್ರಗಳಾಗುತ್ತದೆ. ಗುಂಡಿ ಚಿಕ್ಕದಾದರೆ ಅನಿಲ ತುಂಬಿಕೊಂಡೂ ದಟ್ಟವಾಗದೆ ಉಳಿಯಬಹುದು. ಕಬ್ಬಿಣ, ಕಾರ್ಬನ್, ಆಮ್ಲಜನಕದಂಥ ಧಾತುಗಳು ಅನಿಲವನ್ನು ತಣಿಸಲು ಸಹಾಯ ಮಾಡುತ್ತವೆ. ಆದಿಕಾಲದಲ್ಲಿ ಅವೂ ಇರಲಿಲ್ಲ. ಹೀಗಾಗಿ ಮೊದಲ ಕೆಲವು ನೂರು ಕೋಟಿ ವರ್ಷಗಳಲ್ಲಿ ಅನಿಲ ಇದ್ದೂ ನಕ್ಷತ್ರ ಹುಟ್ಟದ ಗೆಲಾಕ್ಸಿಗಳು ಹೇರಳವಾಗಿ ಇದ್ದಿರಬೇಕು, ದೊಡ್ಡ ಗೆಲಾಕ್ಸಿಗಳು ಇವುಗಳನ್ನು ನುಂಗಿಯೇ ಬೆಳೆದಿರಬೇಕು ಎಂಬುದು ಲೆಕ್ಕಾಚಾರ. ಲೆಕ್ಕಾಚಾರವೇನೋ ಚೆನ್ನಾಗಿದೆ. ತೋರಿಸಿ ಎಂದರೆ ತೋರಿಸಲು ಬೆಳಕೇ ಇಲ್ಲ.

ಹತ್ತಿರದ ಆಕಾಶದಲ್ಲಿ ಒಂದು ದಾರಿಯಿದೆ. ತಣ್ಣಗಿನ ಜಲಜನಕ 21 ಸೆಂಟಿಮೀಟರ್ ರೇಡಿಯೋ ಅಲೆಯನ್ನು ತಾನಾಗಿಯೇ ಸೂಸುತ್ತದೆ. 1989ರಲ್ಲಿ ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಲ್ಲಿ ರಿಕಾರ್ಡೊ ಜಿಯೋವನೆಲ್ಲಿ ಮತ್ತು ಮಾರ್ಥಾ ಹೇನ್ಸ್ ಬೇರೇನನ್ನೋ ನೋಡುತ್ತಿದ್ದರು. ಹೋಲಿಕೆಗೆಂದು ದೂರದರ್ಶಕವನ್ನು ಖಾಲಿ ಆಕಾಶದ ಕಡೆ ತಿರುಗಿಸಿದರೆ ಅಲ್ಲಿ ಜಲಜನಕದ ದೊಡ್ಡ ಮೋಡ! ನಕ್ಷತ್ರ ಕಾಣಲಿಲ್ಲ. ಇನ್ನೂ ಹುಟ್ಟುತ್ತಿರುವ ಗೆಲಾಕ್ಸಿ ಸಿಕ್ಕಿತೆಂದು ಗುಲ್ಲೆದ್ದಿತು. ಎಚ್‌ಐ 1225+01 ಎಂದು ಹೆಸರಾಯಿತು. ಹೆಚ್ಚು ದಿನ ಬಾಳಲಿಲ್ಲ ಆ ಸಂಭ್ರಮ: ಕ್ಯಾಮೆರಾ ಹಿಡಿದವರು ಇನ್ನಷ್ಟು ಹೊತ್ತು ಕಾದು ನೋಡಿದಾಗ ಮೋಡದ ಒಂದು ತುದಿಯಲ್ಲಿ ಮಸುಕಾದ ಕುಬ್ಜ ಗೆಲಾಕ್ಸಿಯೊಂದು ಕುಳಿತಿತ್ತು. ಇನ್ನೊಂದು ತುದಿಯಲ್ಲಿ ಏನೂ ಸಿಕ್ಕಿಲ್ಲ. ಆದರೆ ಅರ್ಧ ಕತ್ತಲೆಯ ಗೆಲಾಕ್ಸಿಗೆ ಪತ್ರಿಕೆಯವರು ಬರುವುದಿಲ್ಲ.

ಎರಡನೆಯ ಪ್ರಕರಣ ಇನ್ನೂ ರಂಗಾಗಿತ್ತು. ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್‌ನ 76 ಮೀಟರ್ ಲವೆಲ್ ದೂರದರ್ಶಕ ಕನ್ಯಾರಾಶಿಯ ಗೆಲಾಕ್ಸಿ ಗುಚ್ಛದಲ್ಲಿ ಜಲಜನಕದ ಮೋಡವೊಂದನ್ನು ಹಿಡಿಯಿತು. ಕಾರ್ಡಿಫ್‌ನ ರಾಬರ್ಟ್ ಮಿಂಚಿನ್ ಮತ್ತು ಸಂಗಡಿಗರು 2005ರಲ್ಲಿ ಅದನ್ನು ಕತ್ತಲ ಗೆಲಾಕ್ಸಿ ಎಂದು ಘೋಷಿಸಿದರು. ಹೆಸರು ವಿರ್ಗೊಎಚ್‌ಐ21. ವಾದ ಬಲವಾಗಿಯೇ ಇತ್ತು: ಅನಿಲದ ತೂಕ ಸುಮಾರು ಹತ್ತು ಕೋಟಿ ಸೂರ್ಯರಷ್ಟು, ಆದರೆ ಅದರ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದ ವ್ಯತ್ಯಾಸ. ಅಷ್ಟು ವೇಗವಾಗಿ ಸುತ್ತುವುದನ್ನು ಹಿಡಿದಿಡಲು ಕಾಣದ ದ್ರವ್ಯ ರಾಶಿರಾಶಿಯಾಗಿ ಬೇಕಲ್ಲ? ಸುತ್ತುತ್ತಿದ್ದರೆ ಬೇಕು. ಅದು ಸುತ್ತುತ್ತಿರಲಿಲ್ಲ ಎನ್ನುವುದೇ ಪೇಚು. 2007ರಲ್ಲಿ ಅದೇ ಹೇನ್ಸ್, ಜಿಯೋವನೆಲ್ಲಿ ಜೋಡಿ, ಬ್ರಯನ್ ಕೆಂಟ್ ಜೊತೆ ಸೇರಿ, ಅರೆಸಿಬೊದಿಂದ ಇನ್ನೂ ಅಗಲವಾದ ನಕ್ಷೆ ತೆಗೆದರು. ಪಕ್ಕದ ಎನ್‌ಜಿಸಿ 4254 ಎಂಬ ಸುರುಳಿ ಗೆಲಾಕ್ಸಿಯಿಂದ ಹೊರಟ ಅನಿಲದ ಉದ್ದನೆಯ ಬಾಲ ಕಂಡಿತು. ವಿರ್ಗೊಎಚ್‌ಐ21 ಆ ಬಾಲದ ಒಂದು ತುಣುಕು. ಹಾದುಹೋದ ಯಾವುದೋ ಗೆಲಾಕ್ಸಿ ಎಳೆದು ಚೆಲ್ಲಿದ ಅನಿಲ. ಕಾರ್ಡಿಫ್‌ನವರು ಸುಲಭವಾಗಿ ಸೋಲೊಪ್ಪಲಿಲ್ಲ. ಆದರೆ ಬಹುಪಾಲು ಜನ ಆ ಕಡತವನ್ನು ಮುಚ್ಚಿದರು. ಇಪ್ಪತ್ತು ವರ್ಷದೊಳಗೆ ಎರಡು ಪ್ರಕರಣ: ಒಂದರಲ್ಲಿ ನಕ್ಷತ್ರ ಇತ್ತು, ಇನ್ನೊಂದು ಗೆಲಾಕ್ಸಿಯೇ ಆಗಿರಲಿಲ್ಲ. ಇದರಿಂದಾಗಿ ಕತ್ತಲ ಗೆಲಾಕ್ಸಿ ಎಂಬ ಮಾತೇ ಆಡಿದವರ ಮರ್ಯಾದೆ ಕಳೆಯುವ ಮಾತಾಯಿತು ಎಂದು ನನಗನ್ನಿಸುತ್ತದೆ.

ನಮ್ಮ ಹಳೆಯ ತಾರ್ಕಿಕರು ಈ ತೊಡಕನ್ನು ಚೆನ್ನಾಗಿ ಬಲ್ಲವರು. ಕುಮಾರಿಲ ಭಟ್ಟನ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಆರನೆಯ ಪ್ರಮಾಣವಾಗಿ ಒಪ್ಪಿದರು: ನೆಲದ ಮೇಲೆ ಗಡಿಗೆ ಇಲ್ಲವೆಂಬ ತಿಳಿವಳಿಕೆ, ಗಡಿಗೆ ಕಾಣದಿರುವುದರಿಂದಲೇ ಬರುತ್ತದೆ. ಆದರೆ ಷರತ್ತುಂಟು. ಇದ್ದಿದ್ದರೆ ಕಾಣಲೇಬೇಕಿತ್ತು ಎಂಬಷ್ಟು ಬೆಳಕೂ ಕಣ್ಣೂ ಇರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ತೀರ್ಮಾನವಾಗದು. ಖಗೋಳಜ್ಞರು ಆ ಷರತ್ತನ್ನು ಪೂರೈಸಲು ಬೇರೆಯದೇ ದಾರಿ ಹಿಡಿಯಬೇಕಾಯಿತು.

ಆ ದಾರಿ ಶುರುವಾಗುವುದು ಕ್ವೇಸಾರ್‌ಗಳಿಂದ. 1963ರಲ್ಲಿ ಮಾರ್ಟೆನ್ ಷ್ಮಿಟ್ 3ಸಿ 273 ಎಂಬ ಕ್ವೇಸಾರಿನ, ಅಂದರೆ ನಕ್ಷತ್ರದಂತೆ ಕಾಣುವ ದೂರದ ಚುಕ್ಕೆಯ, ರೋಹಿತದಲ್ಲಿ ನಮ್ಮ ಲ್ಯಾಬಿನ ಅದೇ ಬಾಮರ್ ಗೆರೆಗಳನ್ನು ಗುರುತಿಸಿದ. ಎಲ್ಲವೂ ಸುಮಾರು ಶೇಕಡಾ 16ರಷ್ಟು ಕೆಂಪಿನ ಕಡೆಗೆ ಜರುಗಿದ್ದವು. ವಿಶ್ವ ಹಿಗ್ಗುವುದರಿಂದ ಅಲೆಯೂ ಹಿಗ್ಗುತ್ತದೆ. 1965ರಲ್ಲಿ ಅವನೇ ಅಳೆದ 3ಸಿ 9ರಲ್ಲಿ ಹಿಗ್ಗುವಿಕೆ ಮೂರು ಪಟ್ಟು. ಮೂರು ಪಟ್ಟು ಎಂದರೆ 1216 ಆಂಗ್‌ಸ್ಟ್ರಾಮಿನ ಅಲೆ 3660ಕ್ಕೆ ಬರುತ್ತದೆ, ಅಂದರೆ ಗಾಳಿಯನ್ನು ದಾಟಿ ಬೆಟ್ಟದ ಮೇಲಿನ ದೂರದರ್ಶಕಕ್ಕೆ ಇಳಿಯುತ್ತದೆ. ಲೈಮನ್ ನಿರ್ವಾತ ಪೆಟ್ಟಿಗೆಯಲ್ಲಿ ಕಂಡದ್ದನ್ನು ಇನ್ನು ಬರಿಯ ಆಕಾಶದಲ್ಲಿ ನೋಡಬಹುದು, ವಸ್ತು ಸಾಕಷ್ಟು ದೂರವಿದ್ದರೆ. ಸಮೀಪದ್ದು ಕಾಣದು, ದೂರದ್ದು ಕಾಣುತ್ತದೆ! ಇದನ್ನು ತರಗತಿಯಲ್ಲಿ ಹೇಳಲು ನನಗೆ ಅವಕಾಶ ಸಿಗಲಿಲ್ಲ, ಸಿಲಬಸ್ಸಿನಲ್ಲಿ ಇರಲಿಲ್ಲ.

ಮುಂದೆ ಕ್ವೇಸಾರ್‌ಗಳ ರೋಹಿತದಲ್ಲಿ ನೂರಾರು ಕಪ್ಪು ಗೆರೆಗಳು ಕಂಡವು. ನಡುದಾರಿಯ ಜಲಜನಕದ ಮೋಡಗಳು ಲೈಮನ್ ಆಲ್ಫಾ ಬೆಳಕನ್ನು ಹೀರಿದ ಗುರುತುಗಳು. ಅನಿಲ ಇದೆಯೆಂಬುದು ಹೀಗೆ ನೆರಳಿನಿಂದ ಖಚಿತವಾಯಿತು. ಆದರೆ ನೆರಳು ಒಂದೇ ದೃಷ್ಟಿರೇಖೆಯದು. ಮೋಡದ ಆಕಾರ, ಅಳತೆ, ಅದರೊಳಗೆ ನಕ್ಷತ್ರ ಇದೆಯೋ ಇಲ್ಲವೋ, ಯಾವುದೂ ಗೊತ್ತಾಗದು. 1987ರಲ್ಲಿ ಕ್ರೇಗ್ ಹೋಗನ್ ಮತ್ತು ರೇ ವೇಮನ್ ಒಂದು ಚಿಕ್ಕ ಪ್ರಬಂಧದಲ್ಲಿ ಹೇಳಿದ್ದು: ನೆರಳು ಬೀಳಿಸುವ ಮೋಡವೇ ಮಂದವಾಗಿ ಹೊಳೆಯಲೂ ಬೇಕು. ವಿಶ್ವದಲ್ಲೆಲ್ಲ ಹರಡಿರುವ ನೇರಳಾತೀತ ಬೆಳಕು ಮೋಡದ ಹೊರಮೈಗೆ ಬಡಿದು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತದೆ. ಎಲೆಕ್ಟ್ರಾನು ಮತ್ತೆ ಪ್ರೋಟಾನಿಗೆ ಅಂಟಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ, ಸುಮಾರು ಮೂರರಲ್ಲಿ ಎರಡು ಸಲ, ಕೊನೆಯ ಮೆಟ್ಟಿಲಿನಲ್ಲಿ ಲೈಮನ್ ಆಲ್ಫಾ ಫೋಟಾನೊಂದು ಹೊರಬರುತ್ತದೆ. ಮನೆಯ ಟ್ಯೂಬ್‌ಲೈಟಿನಲ್ಲೂ ಪಾದರಸದ ನೇರಳಾತೀತ ಬೆಳಕು ಬಿಳಿ ಲೇಪವನ್ನು ಹೊಳೆಯಿಸುತ್ತದೆ. ಅದರ ಹೆಸರನ್ನೇ, ಪ್ರತಿದೀಪ್ತಿ ಎಂದು, ಇದಕ್ಕೂ ಇಟ್ಟರು. ಕಟ್ಟುನಿಟ್ಟಾಗಿ ಹೇಳಿದರೆ ಇದು ಪ್ರತಿದೀಪ್ತಿಯಲ್ಲ, ಮರುಸಂಯೋಗ. ಪರೀಕ್ಷೆಯಲ್ಲಾದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಐಡಿಯಾ ಸೊಗಸಾಗಿತ್ತು, ಹೊಳಪು ಮಾತ್ರ ತೀರಾ ಕಡಿಮೆ. 1996ರಲ್ಲಿ ಆಂಡ್ರ್ಯೂ ಗೂಲ್ಡ್ ಮತ್ತು ಡೇವಿಡ್ ವೈನ್‌ಬರ್ಗ್ ಲೆಕ್ಕವನ್ನು ಇನ್ನೂ ಬಿಗಿಯಾಗಿ ಮಾಡಿ, 10 ಮೀಟರಿನ ದೂರದರ್ಶಕಗಳಿಂದ ಇದು ಸಾಧ್ಯವಾದೀತು ಎಂದು ಆಸೆ ಹುಟ್ಟಿಸಿದರು. ಹಲವರು ಪ್ರಯತ್ನಿಸಿ ಬರಿಗೈಯಲ್ಲಿ ಮರಳಿದರು. ಇವರಲ್ಲಿ ನನಗೆ ಹೆಚ್ಚು ಗೌರವ ಕಾರ್ನೆಗಿ ವೀಕ್ಷಣಾಲಯದ ಮೈಕೇಲ್ ರೌಚ್ ತಂಡದ ಮೇಲೆ. ಚಿಲಿಯ ಪರಾನಾಲ್ ಬೆಟ್ಟದ 8.2 ಮೀಟರ್ ವಿಎಲ್‌ಟಿ ದೂರದರ್ಶಕದಲ್ಲಿ ಆಕಾಶದ ಒಂದೇ ಒಂದು ಸಪೂರ ಸೀಳನ್ನು 92 ಗಂಟೆ ದಿಟ್ಟಿಸಿದರು. ಆ ದೂರದರ್ಶಕದ ಒಂದು ರಾತ್ರಿಗಾಗಿ ಖಗೋಳಜ್ಞರು ಕಾದಾಡುತ್ತಾರೆ. ಇವರು ಅಷ್ಟೂ ಹೊತ್ತನ್ನು ಒಂದು ಗೀಟಿಗೆ ಸುರಿದರು. 2008ರಲ್ಲಿ ಪ್ರಕಟವಾದ ಫಲ: 27 ಮಸುಕು ಚುಕ್ಕೆಗಳು. ಹುಡುಕಿದ್ದು ಹೊರಗಿನ ಬೆಳಕಿನಿಂದ ಹೊಳೆಯುವ ಮೋಡ. ಸಿಕ್ಕಿದ್ದು ಬಹುಶಃ ತಮ್ಮೊಳಗಿನ ನಕ್ಷತ್ರಗಳಿಂದಲೇ ಹೊಳೆಯುವ ಪುಟ್ಟ ಗೆಲಾಕ್ಸಿಗಳು. ಆ ಫಲವೂ ಬೆಲೆಯುಳ್ಳದ್ದೇ, ಆದರೆ ಬೇಕಾದದ್ದಲ್ಲ.

ವಿಶ್ವದ ಸಾಮಾನ್ಯ ಬೆಳಕು ಸಾಲದು ಎಂದ ಮೇಲೆ ಉಳಿದ ಉಪಾಯ, ಪ್ರಖರವಾದ ದೀಪದ ಪಕ್ಕದಲ್ಲೇ ಹುಡುಕುವುದು. ಕ್ವೇಸಾರ್ ಎಂದರೆ ದೈತ್ಯ ಕಪ್ಪುಕುಳಿಯ ಸುತ್ತ ಕಾದು ಸುತ್ತುವ ದ್ರವ್ಯ. ಅದರ ನೆರೆಯಲ್ಲಿ ನೇರಳಾತೀತದ ಧಾರೆ ಸಾಮಾನ್ಯ ಮಟ್ಟಕ್ಕಿಂತ ನೂರಾರು ಪಟ್ಟು ಏರುತ್ತದೆ. 2006ರಲ್ಲಿ ಕರ್ಟ್ ಅಡೆಲ್‌ಬರ್ಗರ್ ಮತ್ತು ಸಂಗಡಿಗರು ಕ್ವೇಸಾರೊಂದರ ಬಳಿ ಹೀಗೆ ಹೊಳೆಯುವ ಒಂದು ಮೋಡ ಸಿಕ್ಕಿರಬಹುದೆಂದು ಬರೆದರು. ತಮ್ಮ ಶೀರ್ಷಿಕೆಯಲ್ಲೇ ಅದನ್ನು ‘ಸಂಭಾವ್ಯ’ ಎಂದು ಕರೆದರು. ಮರುವರ್ಷ ಇಟಲಿಯ ಸೆಬಾಸ್ಟಿಯಾನೊ ಕಾಂತಲುಪೊ, ಝೂರಿಕ್‌ನ ಸೈಮನ್ ಲಿಲ್ಲಿ, ಕ್ರಿಸ್ಟಿಯಾನೊ ಪೊರ್ಚಿಯಾನಿ ಮೂವರೂ ಇನ್ನೊಂದು ಕ್ವೇಸಾರ್ ಸುತ್ತ ಕೆಲವು ಅಭ್ಯರ್ಥಿಗಳನ್ನು ಹೆಸರಿಸಿದರು. ಅವರ ಶೀರ್ಷಿಕೆಯ ಎಚ್ಚರಿಕೆಯೂ ಅದೇ ಧಾಟಿಯದು. ವಿರ್ಗೊಎಚ್‌ಐ21ರ ಕಡತ ಮುಚ್ಚುತ್ತಿದ್ದ ಕಾಲವದು. ಯಾರಿಗೂ ದೊಡ್ಡ ದನಿ ಬೇಕಿರಲಿಲ್ಲ.

2012ರ ಪ್ರಯೋಗ ಮಾತ್ರ ನಿಧಾನವಾಗಿ ಓದಬೇಕಾದದ್ದು. ಕಾಂತಲುಪೊ, ಲಿಲ್ಲಿ, ಕೇಂಬ್ರಿಜ್‌ನ ಮಾರ್ಟಿನ್ ಹೇನೆಲ್ಟ್ ಆರಿಸಿಕೊಂಡದ್ದು ಎಚ್‌ಇ 0109-3518 ಎಂಬ ಕ್ವೇಸಾರ್. ಅದರ ಬೆಳಕು ಹೊರಟದ್ದು ಸುಮಾರು 1,100 ಕೋಟಿ ವರ್ಷದ ಹಿಂದೆ, ಅಲೆಗಳು 3.4 ಪಟ್ಟು ಹಿಗ್ಗಿವೆ. ಲೈಮನ್ ಆಲ್ಫಾ ಅಲ್ಲಿಂದ ನಮಗೆ ಬರುವಾಗ ಸುಮಾರು 4140 ಆಂಗ್‌ಸ್ಟ್ರಾಮ್, ಅಂದರೆ ನನ್ನ ಹುಡುಗರು ಕಂಡೆವೆಂದು ಹೇಳುತ್ತಿದ್ದ ಆ ನಾಲ್ಕನೆಯ ಬಾಮರ್ ಗೆರೆಯ ನೆರೆಯ ನೇರಳೆ. ಆ ಒಂದು ಬಣ್ಣದ ಕಿರಿದಾದ ಪಟ್ಟಿಯನ್ನಷ್ಟೇ ಒಳಬಿಡುವ ಫಿಲ್ಟರನ್ನು ಈ ಕ್ವೇಸಾರಿಗೆಂದೇ ಮಾಡಿಸಿದರು. ಬೇರೆ ಕ್ವೇಸಾರಿಗೆ ಅದು ಪ್ರಯೋಜನಕ್ಕೆ ಬಾರದು. ವಿಎಲ್‌ಟಿಯ ಫೋರ್ಸ್ ಉಪಕರಣಕ್ಕೆ ಅದನ್ನು ತೊಡಿಸಿ 20 ಗಂಟೆ ಬೆಳಕು ಹಿಡಿದರು. ಕ್ವೇಸಾರಿನ ಸುತ್ತ ಕೆಲವು ದಶಲಕ್ಷ ಜ್ಯೋತಿರ್ವರ್ಷಗಳೊಳಗೆ ಹೊಳೆಯುವ ವಸ್ತುಗಳು ನೂರರ ಹತ್ತಿರ ಸಿಕ್ಕವು.

ಸಿಕ್ಕಿದ್ದೇ ಸಾಕೆಂದು ಹಿಗ್ಗುವ ಕಾಲ ಮುಗಿದಿತ್ತು. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳೂ ತಮ್ಮ ಸುತ್ತಲಿನ ಅನಿಲದಿಂದ ಲೈಮನ್ ಆಲ್ಫಾ ಹೊರಡಿಸುತ್ತವೆ. ದೀಪ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯುವುದು ಹೇಗೆ? ಇಲ್ಲಿ ಒಂದು ಜಾಣ ತರ್ಕ ಬರುತ್ತದೆ. ನಕ್ಷತ್ರ ಒಂದೇ ಬಣ್ಣದಲ್ಲಿ ಹೊಳೆಯಲಾರದು. ಅನಿಲವನ್ನು ಕೆರಳಿಸುವ ನಕ್ಷತ್ರ, ಮಿಕ್ಕ ಬಣ್ಣಗಳಲ್ಲೂ ಬೆಳಕು ಚೆಲ್ಲಲೇಬೇಕು. ಆದ್ದರಿಂದ ಗೆರೆಯ ಬೆಳಕನ್ನು ಅದರ ಹಿನ್ನೆಲೆಯಲ್ಲಿ ಎಲ್ಲ ಬಣ್ಣಗಳಿಗೂ ಎಡೆಬಿಡದೆ ಹರಡಿದ ಬೆಳಕಿನ ಜೊತೆ ಹೋಲಿಸಿ ಒಂದು ಅಳತೆ ತೆಗೆಯುತ್ತಾರೆ. ಸಾಮಾನ್ಯ ನಕ್ಷತ್ರಗಳಿಂದ ಅದು 240 ಆಂಗ್‌ಸ್ಟ್ರಾಮ್ ಮೀರದು ಎಂಬುದು ಮಾದರಿಗಳ ಲೆಕ್ಕ. ಮೀರಿದರೆ ದೀಪ ಹೊರಗಿನದು. ನೂರರ ಹತ್ತಿರದ ಆ ವಸ್ತುಗಳಲ್ಲಿ 12 ಮಾತ್ರ ಈ ಜರಡಿಯಲ್ಲಿ ಉಳಿದವು: ಗೆರೆ ಇದೆ, ಹಿನ್ನೆಲೆಯಲ್ಲಿ ಏನೂ ಇಲ್ಲ. ಹನ್ನೆರಡರ ಚಿತ್ರಗಳನ್ನೂ ಒಂದರ ಮೇಲೊಂದು ಪೇರಿಸಿ ನೋಡಿದರು. ಆಗಲೂ ನಕ್ಷತ್ರದ ಬೆಳಕು ಏಳಲಿಲ್ಲ. ಪ್ರತಿಯೊಂದರಲ್ಲೂ ಸುಮಾರು ನೂರು ಕೋಟಿ ಸೂರ್ಯರಷ್ಟು ಅನಿಲ. ನಕ್ಷತ್ರ ಹುಟ್ಟುವ ದಕ್ಷತೆ ಆ ಕಾಲದ ಮಾಮೂಲು ಗೆಲಾಕ್ಸಿಗಳ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಗಮನಿಸಿ, ಇಲ್ಲಿ ಯಾರೂ ನಕ್ಷತ್ರ ಸೊನ್ನೆ ಎಂದು ಹೇಳಿಲ್ಲ. ಇದ್ದರೂ ಇಷ್ಟಕ್ಕಿಂತ ಕಡಿಮೆ ಎಂದರು. ಮೀಮಾಂಸಕರ ಷರತ್ತು ಪೂರೈಸಿದಂತೆಯೇ ಸರಿ: ಇದ್ದಿದ್ದರೆ ಎಷ್ಟು ಕಾಣುತ್ತಿತ್ತು ಎಂಬುದಕ್ಕೆ ಅಂಕಿ ಸಿಕ್ಕಿತು. 1989ರಲ್ಲೂ 2005ರಲ್ಲೂ ಇಲ್ಲದಿದ್ದದ್ದು ಇದೇ ಅಂಕಿ ಎಂದು ನನ್ನ ಅಭಿಪ್ರಾಯ. ಸಂದೇಹಗಳು ತೀರಿವೆ ಎಂದಲ್ಲ. ಭಾರವಾದ ಧಾತುಗಳೇ ಇಲ್ಲದ ಮೊಟ್ಟಮೊದಲ ಪೀಳಿಗೆಯ ನಕ್ಷತ್ರಗಳು 240ರ ಗೆರೆಯನ್ನು ದಾಟಬಲ್ಲವು. ಹಾಗೊಂದು ವೇಳೆ ಆಗಿದ್ದರೆ ಅದು ಕತ್ತಲ ಗೆಲಾಕ್ಸಿಗಿಂತ ದೊಡ್ಡ ಸುದ್ದಿ. ಆದರೆ ಹನ್ನೆರಡಕ್ಕೆ ಹನ್ನೆರಡೂ ಒಂದು ಕ್ವೇಸಾರಿನ ಪಕ್ಕದಲ್ಲೇ ಅಂಥ ನಕ್ಷತ್ರಗಳನ್ನು ಹೊತ್ತು ಕೂರುವುದು ಅತಿಯಾಯಿತು.

ಆಮೇಲಿನದು ಬೇಗ ಬೇಗ ನಡೆಯಿತು. 2014ರಲ್ಲಿ ಕಾಂತಲುಪೊ, ಝೇವಿಯರ್ ಪ್ರೊಚಾಸ್ಕ ತಂಡ ಹವಾಯಿಯ ಕೆಕ್ ದೂರದರ್ಶಕದಲ್ಲಿ ಇದೇ ಉಪಾಯದಿಂದ ಯುಎಂ 287 ಕ್ವೇಸಾರಿನ ಸುತ್ತ ಸುಮಾರು 15 ಲಕ್ಷ ಜ್ಯೋತಿರ್ವರ್ಷ ಉದ್ದದ ಅನಿಲದ ಎಳೆಯನ್ನು ಬೆಳಗಿಸಿ ತೋರಿಸಿತು. ತಂಡದವರಿದ್ದ ಸಾಂತಾ ಕ್ರೂಸ್ ವಿಶ್ವವಿದ್ಯಾನಿಲಯದ ಲಾಂಛನ ಚಿಪ್ಪಿಲ್ಲದ ಹಳದಿ ಬಸವನಹುಳು, ಇಂಗ್ಲಿಷಿನಲ್ಲಿ ಸ್ಲಗ್. ಮೋಡಕ್ಕೂ ಸ್ಲಗ್ ನೆಬ್ಯುಲಾ ಎಂದೇ ಹೆಸರಿಟ್ಟರು. ರಯಾನ್ ಟ್ರೈನರ್ ಮತ್ತು ಚಾರ್ಲ್ಸ್ ಸ್ಟೈಡೆಲ್ 2013ರಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಿದರು. ಕ್ವೇಸಾರಿನ ಬೆಳಕು ಮೋಡ ಮುಟ್ಟಲು ಸಮಯ ಬೇಕು. ಎಷ್ಟು ದೂರದ ಮೋಡಗಳು ಹೊಳೆಯುತ್ತಿವೆ ಎಂದು ನೋಡಿದರೆ ದೀಪ ಹೊತ್ತಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಅತಿ ಪ್ರಖರ ಕ್ವೇಸಾರ್‌ಗಳಿಗೆ ಅವರು ಕೊಟ್ಟ ಆಯಸ್ಸು 10 ಲಕ್ಷದಿಂದ 2 ಕೋಟಿ ವರ್ಷ. ನಕ್ಷತ್ರವಿಲ್ಲದ್ದನ್ನು ಹುಡುಕಹೊರಟ ವಿದ್ಯೆ ಕ್ವೇಸಾರಿನ ವಯಸ್ಸು ಹೇಳಿತು. ಇಂಥ ಅಡ್ಡ ಫಸಲು ನನಗೆ ಮುಖ್ಯ ಫಸಲಿಗಿಂತ ಹೆಚ್ಚು ಖುಷಿ ಕೊಡುತ್ತದೆ.

ಕ್ವೇಸಾರಿಗೊಂದು ಫಿಲ್ಟರು ಮಾಡಿಸುವ ಕಾಲವೂ ಮುಗಿಯುತ್ತಾ ಬಂತು. 2014ರಲ್ಲಿ ವಿಎಲ್‌ಟಿಗೆ ಬಂದ ಮ್ಯೂಸ್ ಉಪಕರಣ 24 ರೋಹಿತದರ್ಶಕಗಳನ್ನು ಜೋಡಿಸಿ, ಆಕಾಶದ ಪುಟ್ಟ ಚೌಕದ ಪ್ರತಿ ಬಿಂದುವಿಗೂ, ಒಟ್ಟು 90,000 ಬಿಂದುಗಳಿಗೆ, ಒಟ್ಟಿಗೇ ರೋಹಿತ ಕೊಡುತ್ತದೆ. ಗೆರೆ ಅದರ ವ್ಯಾಪ್ತಿಯೊಳಗೆ ಎಲ್ಲಿ ಬಿದ್ದರೂ ಸರಿ, ಅಲ್ಲಿ ನೋಡಿಕೊಳ್ಳಬಹುದು. ಝೂರಿಕ್‌ನ ರಫಯೆಲ್ಲ ಅನ್ನಾ ಮರಿನೊ ತಂಡ 2018ರಲ್ಲಿ ಇದರಿಂದ ಸುಮಾರು 1,200 ಕೋಟಿ ವರ್ಷದ ಹಿಂದಿನ ಆಕಾಶಕ್ಕೆ ಹೋಗಿ, ಕ್ವೇಸಾರ್‌ಗಳ ನೆರೆಯಲ್ಲಿ ಆರು ಬಲವಾದ ಅಭ್ಯರ್ಥಿಗಳನ್ನು ಕೊಟ್ಟಿತು. ಈಗಲೂ ಅವರನ್ನು ಅಭ್ಯರ್ಥಿಗಳೆಂದೇ ಕರೆಯುತ್ತಾರೆ. ಗೆದ್ದರೆಂದು ಯಾರೂ ಘೋಷಿಸಿಲ್ಲ.

ಇತ್ತೀಚೆಗೆ ಹತ್ತಿರದಲ್ಲೇ ಒಂದು ಗಟ್ಟಿ ಪ್ರಕರಣ ಬಂದಿದೆ. ಚೀನಾದ 500 ಮೀಟರ್ ಫಾಸ್ಟ್ ದೂರದರ್ಶಕ 2023ರಲ್ಲಿ ಎಂ94 ಗೆಲಾಕ್ಸಿಯ ಬಳಿ ಹಿಡಿದ ಕ್ಲೌಡ್-9 ಎಂಬ ಮೋಡ: ನಮ್ಮಿಂದ ಸುಮಾರು 1.4 ಕೋಟಿ ಜ್ಯೋತಿರ್ವರ್ಷ, ಜಲಜನಕ ಸುಮಾರು 10 ಲಕ್ಷ ಸೂರ್ಯರಷ್ಟು. ಅಷ್ಟು ಹತ್ತಿರವಾದ್ದರಿಂದ ಹಬಲ್ ದೂರದರ್ಶಕ ಅಲ್ಲಿ ಬಿಡಿ ನಕ್ಷತ್ರಗಳನ್ನೇ ಎಣಿಸಬಲ್ಲದು. 2025ರಲ್ಲಿ ಎಣಿಸಲು ಹೋಗಿ ಏನೂ ಸಿಗದೆ, ಕೆಲವು ಸಾವಿರ ಸೂರ್ಯರಿಗಿಂತ ಹೆಚ್ಚಿನ ನಕ್ಷತ್ರರಾಶಿ ಇಲ್ಲಿಲ್ಲವೆಂದು ಬರೆದರು. ಪಣ ಕಟ್ಟು ಎಂದರೆ ನಾನು ಕ್ಲೌಡ್-9ರ ಕಡೆಗೆ ಕಟ್ಟುತ್ತೇನೆ, ಕಡತ ತೆರೆದೇ ಇದೆ ಎಂಬುದನ್ನು ಮರೆಯದೆ. ಆದರೆ ಅದು ಇಂದಿನ ವಿಶ್ವದಲ್ಲಿ ಉಳಿದುಕೊಂಡ ಚಿಕ್ಕ ಮೋಡ. 2012ರ ಹನ್ನೆರಡರ ಸಾವಿರದಲ್ಲಿ ಒಂದು ಪಾಲು. ದೊಡ್ಡ ಗೆಲಾಕ್ಸಿಗಳಿಗೆ ಅನ್ನವಾದ ಆದಿಕಾಲದ ಮೋಡಗಳ ವಿಷಯಕ್ಕೆ ಬಂದರೆ ಹಬಲ್ ಕೈಗೂ ಅವು ಎಟುಕವು, 21 ಸೆಂಟಿಮೀಟರ್ ಅಲೆಯೂ ಅಷ್ಟು ದೂರದಿಂದ ತಲುಪುವ ಹೊತ್ತಿಗೆ ಅಳತೆಗೆ ಸಿಗದಷ್ಟು ಸೊರಗಿರುತ್ತದೆ. ಅಲ್ಲಿಗೆ ಇಂದಿಗೂ ಕ್ವೇಸಾರ್ ಒಂದೇ ದೀಪ, ಅದೂ ತನ್ನ ಬೆಳಕು ಬೀಳುವ ದಿಕ್ಕಿನಲ್ಲಿ ಮಾತ್ರ.